ಒರಳಿನೊಳಗಿನ ಅಗ್ನಿಪರ್ವತ

ಜಯನಗರದ ಮರಗಳ ಬುಡದಲ್ಲಿ ಏನೇನು ಕೂತಿರುತ್ತದೆ ಎಂದು ನೀವೂ ಗಮನಿಸಿರುತ್ತೀರಿ. ಗಾಜು ಒಡೆದ ದೇವರ ಪಟ, ಬಣ್ಣ ಹೋದ ಗಣೇಶ, ಒಂದು ಕಿವಿ ಮುರಿದ ಪಿಂಗಾಣಿ ಆನೆ. ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ, ಕಸದ ಗಾಡಿಗೆ ಹಾಕಲು ಮನಸ್ಸು ಬರುವುದಿಲ್ಲ ಎನ್ನುವಂಥದ್ದೆಲ್ಲ ಮರದ ಪಾಲು. ಈಚೆಗೆ ಆ ಸಾಲಿಗೆ ಒರಳುಕಲ್ಲೂ ಸೇರಿಕೊಂಡಿದೆ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಮೊದಲು ಬೀದಿಗೆ ಬರುವುದು ಅದೇ. ಹಿಟ್ಟು ರುಬ್ಬಿದ ಕಲ್ಲನ್ನು ಒಡೆಯಬಾರದು ಎಂದು ಯಾರೋ ಹೇಳಿರುತ್ತಾರೆ. ಹಾಗಾಗಿ ಎಳೆದು ತಂದು ಮರದ ಬುಡಕ್ಕೆ ಒರಗಿಸಿ ಕೈ ಮುಗಿದು ಹೋಗುತ್ತಾರೆ.

ಕಳೆದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಯಡಿಯೂರು ಕೆರೆಯ ಸುತ್ತ ನಡೆದು, ಜಯನಗರದ ಕಡೆಯಿಂದ ಬಸ್‌ಸ್ಟಾಪಿಗೆ ಹೋಗುತ್ತಿದ್ದೆ. ಒಂದು ಹೊಂಗೆಮರದ ಬುಡದಲ್ಲಿ ಒರಳುಕಲ್ಲು ಮಗ್ಗುಲಾಗಿ ಬಿದ್ದಿತ್ತು. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವಳು ನಾನು, ಓದಿದ್ದು ಭೂವಿಜ್ಞಾನ. ಕಲ್ಲು ಕಂಡರೆ ನಿಲ್ಲುವುದು ನನ್ನ ಕೆಟ್ಟ ಅಭ್ಯಾಸ. ನಿಂತೆ. ಅಂಚಿನ ಮೇಲೆ ಒಂದು ಮೀನು ಕೆತ್ತಿತ್ತು. ಎರಡು ಬಾಗಿದ ಗೆರೆ, ಒಂದು ಚುಕ್ಕೆಯ ಕಣ್ಣು. ಬಾಲದ ಪಕ್ಕದಲ್ಲಿ ಹೆಬ್ಬೆರಳು ಕೂರುವಷ್ಟು ಚೆಕ್ಕೆ ಹಾರಿಹೋಗಿತ್ತು. ಸಾಗಿಸುವಾಗ ಯಾರೋ ಹಾರೆ ತಗುಲಿಸಿರಬೇಕು ಅಂದುಕೊಂಡೆ.

ಆ ಮೀನು ನಮ್ಮ ಅವ್ವನದು.

ಅಲ್ಲೇ ಫುಟ್‌ಪಾತಿನ ಚಪ್ಪಡಿ ಕೀಳಿಸುತ್ತಿದ್ದ ಮೇಸ್ತ್ರಿಯನ್ನು ಕೇಳಿದೆ. ಸೋಮವಾರ ಟ್ರ್ಯಾಕ್ಟರ್ ಬರುತ್ತದೆ, ಮಣ್ಣಿನ ಜೊತೆ ಇದೂ ಹೋಗುತ್ತದೆ ಎಂದ. ನಾನು ಅಲ್ಲೇ ನಿಂತಿದ್ದುದನ್ನು ನೋಡಿ, "ಬೇಕಾದ್ರೆ ತಗೊಂಡೋಗಿ ಮೇಡಂ, ಯಾರೂ ಏನೂ ಅನ್ನಲ್ಲ" ಅಂತ ಸೇರಿಸಿದ.

ನನಗೆ ಆಗ ಬೇಕಾಗಿದ್ದು ಕಲ್ಲಲ್ಲ. ಅವ್ವನಿಗೆ ಹೇಳಬೇಕಾದ ಒಂದು ಮಾತು ಇಪ್ಪತ್ತೈದು ವರ್ಷದಿಂದ ನನ್ನೊಳಗೆ ಉಳಿದುಕೊಂಡಿತ್ತು. ಹೇಳುವುದಾದರೆ ಈ ಕಲ್ಲಿನ ಮುಂದೆಯೇ ಹೇಳಬೇಕು. ನನ್ನ ಕೈಯಲ್ಲಿದ್ದದ್ದು ಒಂದು ಭಾನುವಾರ ಮಾತ್ರ.

ಅವ್ವನ ಕಸುಬು ಒರಳಿಗೆ ಮುಳ್ಳು ಹಾಕುವುದು. ರುಬ್ಬಿ ರುಬ್ಬಿ ಕಲ್ಲು ನುಣುಪಾಗುತ್ತದೆ. ಆಮೇಲೆ ಉದ್ದಿನಬೇಳೆ ಅದರಲ್ಲಿ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಉಳಿ, ಸುತ್ತಿಗೆ ಹಿಡಿದು ಕಲ್ಲಿನ ಒಳಮೈಯನ್ನು ಮತ್ತೆ ತರಿತರಿಯಾಗಿ ಮಾಡಿಕೊಡಬೇಕು. ಅದಕ್ಕೆ ಮುಳ್ಳು ಹಾಕುವುದು ಎನ್ನುತ್ತಿದ್ದೆವು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಇಟ್ಟಮಡುವಿನ ನಮ್ಮ ಶೀಟಿನ ಮನೆಯಿಂದ ಬೆಳಿಗ್ಗೆ ಹೊರಟು, ಹೆಗಲಿಗೆ ಗೋಣಿಚೀಲ ಏರಿಸಿ, ಜಯನಗರದ ಬ್ಲಾಕುಗಳನ್ನು ಒಂದೊಂದಾಗಿ ಸುತ್ತುತ್ತಿದ್ದಳು. "ಕಲ್ಗೆ ಮುಳ್ ಹಾಕಿಸ್ತೀರೇನಮ್ಮಾ" ಎಂಬ ಆ ಕೂಗು ಎರಡು ಕ್ರಾಸ್ ಆಚೆಗೂ ಕೇಳುತ್ತಿತ್ತು. ಅದೇ ಗಂಟಲು ನನಗೂ ಬಂದಿದೆ. ನಮ್ಮ ಶಾಲೆಯಲ್ಲಿ ಮೈಕು ಕೆಟ್ಟರೆ ಪ್ರಾರ್ಥನೆಗೆ ನನ್ನನ್ನೇ ನಿಲ್ಲಿಸುತ್ತಾರೆ.

ಕೆಲಸ ಮುಗಿದ ಮೇಲೆ ಅವ್ವ ಅಂಚಿನಲ್ಲಿ ಒಂದು ಮೀನು ಕೊರೆಯುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅದೇ ಸಹಿ. ಈಗ ನನಗೆ ಸಿಕ್ಕ ಕಲ್ಲು ಅವ್ವ ವರ್ಷಾನುಗಟ್ಟಲೆ ಹೋಗುತ್ತಿದ್ದ ಶಾರದಮ್ಮನವರ ಮನೆಯದು. ಹೊಂಗೆಮರದ ಎದುರಿಗೇ ಇದ್ದ ಆ ಮನೆಯನ್ನು ಈಗ ಕೆಡವಿದ್ದರು. ಅವರ ಮನೆಯಲ್ಲಿ ಈರುಳ್ಳಿಯೂ ವಾರಕ್ಕೆ ನಾಲ್ಕು ದಿನ ಒಳಗೆ ಬರುತ್ತಿರಲಿಲ್ಲ. ಮೊದಲ ಸಲ ಮೀನು ನೋಡಿ ಅವರು ಗಾಬರಿಯಾದರು. ಅವ್ವ ತಲೆ ಕೂಡ ಎತ್ತದೆ, ಅದು ಮೀನಲ್ಲ ಅಮ್ಮಾರೇ, ವೀಳ್ಯದೆಲೆ ಅಂದಳು. ಹಾಗಾದರೆ ಆ ಚುಕ್ಕೆ ಯಾವುದು ಎಂದು ಅವರು ಕೇಳಿದರು. ಅಡಿಕೆ, ಅಂದಳು ಅವ್ವ. ಶಾರದಮ್ಮನವರು ಆ ಎಲೆ ಅಡಿಕೆಗೆ ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

ಶಾಲೆಗೆ ರಜೆ ಇದ್ದ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಶಾರದಮ್ಮನವರ ಹಿತ್ತಲಲ್ಲಿ ಅವ್ವ ಸೆರಗನ್ನು ತಲೆಗೆ ಸುತ್ತಿ, ಕಣ್ಣು ಅರೆಮುಚ್ಚಿ ಉಳಿಗೆ ಏಟು ಹಾಕಿದಾಗ ಕಿಡಿ ಹಾರುತ್ತಿತ್ತು. ಜೊತೆಗೆ ಒಂದು ಸುಟ್ಟ ವಾಸನೆ. ಅದೇ ವಾರ ಶಾಲೆಯಲ್ಲಿ ಟೀಚರು ಬೋರ್ಡಿನ ಮೇಲೆ ಅಗ್ನಿಪರ್ವತ ಬರೆದಿದ್ದರು, ತಲೆಯಲ್ಲಿ ಕೆಂಪು ಸೀಮೆಸುಣ್ಣದ ಬೆಂಕಿ. ಎಂಟು ವರ್ಷದ ನನಗೆ ಎರಡೂ ಕೂಡಿಕೊಂಡವು. ಕಲ್ಲಿನಿಂದ ಬೆಂಕಿ ಬರುತ್ತಿದೆ ಎಂದರೆ ಒಳಗೆ ಬೆಂಕಿ ಇರಲೇಬೇಕು. ಅವ್ವ ನೀರು ಕುಡಿಯಲು ಎದ್ದಾಗ ನಾನು ಒಳಗೆ ಹೋಗಿ ಶಾರದಮ್ಮನವರಿಗೆ ಎಚ್ಚರಿಕೆ ಕೊಟ್ಟೆ.

"ಅಮ್ಮಾರೇ, ನಿಮ್ಮ ಒರಳೊಳಗೆ ಅಗ್ನಿಪರ್ವತ ಐತೆ. ಯಾವತ್ತಾದ್ರೂ ಉಕ್ಕುತ್ತೆ."

"ಉಕ್ಕಲಿ ಬಿಡೇ, ಗ್ಯಾಸ್ ಉಳಿಯುತ್ತೆ," ಅಂದರು ಅವರು.

ಆ ಕಿಡಿ ಕಲ್ಲಿನದಲ್ಲ, ಉಳಿಯ ಕಬ್ಬಿಣದ ಚೂರು ಹೊತ್ತಿಕೊಂಡು ಹಾರುವುದು ಎಂದು ಆಮೇಲೆ ಓದಿ ತಿಳಿದು ನನಗೆ ನಾಚಿಕೆಯಾಯಿತು. ಇನ್ನೂ ಸ್ವಲ್ಪ ಓದಿದ ಮೇಲೆ ಆ ನಾಚಿಕೆ ಹೋಗಿ ಮೈ ಜುಮ್ಮೆಂದಿತು. ನಾನು ಕೊಟ್ಟ ಕಾರಣ ತಪ್ಪಾಗಿತ್ತು, ಆದರೆ ಹೇಳಿದ್ದು ನಿಜವಾಗಿತ್ತು. ಒರಳು ಕಡೆಯುವ ನಮ್ಮ ಕಡೆಯ ಬಿಳಿಕಲ್ಲು, ಅಂದರೆ ಗ್ರಾನೈಟು, ಒಂದು ಕಾಲದಲ್ಲಿ ಕರಗಿದ ಕಲ್ಲಿನ ಪಾಕ. ನೆಲದ ಆಳದಲ್ಲಿ ಎದ್ದು, ಮೇಲೆ ಬರಲು ದಾರಿ ಸಿಗದೆ ಅಲ್ಲೇ ನಿಂತು, ಲಕ್ಷಾಂತರ ವರ್ಷ ತೆಗೆದುಕೊಂಡು ಆರಿದ್ದು. ಮೇಲೆ ಬಂದು ಉಕ್ಕಿದ್ದರೆ ಅದನ್ನು ಲಾವಾ ಎನ್ನುತ್ತಿದ್ದೆವು, ಬೆಟ್ಟಕ್ಕೆ ಅಗ್ನಿಪರ್ವತ ಎಂದು ಹೆಸರಿಡುತ್ತಿದ್ದೆವು. ಉಕ್ಕದೆ ಉಳಿದದ್ದರಿಂದ ಅದು ಒರಳಾಯಿತು, ಮೆಟ್ಟಿಲಾಯಿತು, ಬಟ್ಟೆ ಒಗೆಯುವ ಕಲ್ಲಾಯಿತು.

ನಿಧಾನವಾಗಿ ಆರಿದ್ದಕ್ಕೆ ಕಲ್ಲಿನ ಒಳಗೇ ಸಾಕ್ಷಿ ಇದೆ. ಸಕ್ಕರೆ ಪಾಕವನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಕಲ್ಲುಸಕ್ಕರೆಯ ದೊಡ್ಡ ದೊಡ್ಡ ಹರಳು ಕಟ್ಟುತ್ತದೆ. ಗಡಿಬಿಡಿಯಲ್ಲಿ ಆರಿಸಿದರೆ ಪುಡಿಪುಡಿ. ಬಿಳಿಕಲ್ಲಿನಲ್ಲಿ ಹರಳು ಕಣ್ಣಿಗೆ ಕಾಣುವಷ್ಟು ದಪ್ಪ. ಕರಿಕಲ್ಲಿನಲ್ಲಿ ಸಣ್ಣ, ಏಕೆಂದರೆ ಅದು ಹಳೇ ಬಂಡೆಯ ಬಿರುಕಿನೊಳಗೆ ನುಗ್ಗಿ ಬಂದು ಬೇಗ ಆರಿಹೋದದ್ದು. ಅವ್ವನಿಗೆ ಇದು ಬೇರೆ ಥರ ಗೊತ್ತಿತ್ತು. ಬಿಳಿಕಲ್ಲು ತಾಳ್ಮೆಯದು, ಉಳಿಗೆ ಮಾತು ಕೊಡುತ್ತೆ. ಕರಿಕಲ್ಲು ಅವಸರದ್ದು, ಮುಖ ಗಂಟು ಹಾಕ್ಕೊಂಡಿರುತ್ತೆ ಎನ್ನುತ್ತಿದ್ದಳು. ಯಾವುದು ನಿಧಾನ, ಯಾವುದು ಅವಸರ ಎಂಬುದನ್ನು ಕಾಲೇಜಿಗೆ ಹೋಗುವ ಮೊದಲೇ ನಾನು ಕೇಳಿದ್ದೆ. ಕೇಳಿದ್ದೇನೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕಲ್ಲಿನ ವಯಸ್ಸಿನ ಮಾತು ಬಂದರೆ ನನಗೆ ಇವತ್ತಿಗೂ ಉಸಿರು ನಿಲ್ಲುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಜನ ಸೌತೆಕಾಯಿಗೆ ಉಪ್ಪುಕಾರ ಹಾಕಿಸಿಕೊಂಡು ತಿನ್ನುತ್ತಾರಲ್ಲ, ಆ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ನಮ್ಮ ಒರಳಿನ ಕಲ್ಲೂ ಹೆಚ್ಚುಕಡಿಮೆ ಅದರ ಓರಗೆಯದೇ. ಅದು ಕರಗಿ, ಆರಿ, ಆಮೇಲೆ ಆಳದ ಬಿಸಿಯಲ್ಲಿ ಮತ್ತೆ ಹಿಂಡಿಸಿಕೊಂಡು ಪಟ್ಟೆಪಟ್ಟೆಯಾದದ್ದು. ಆಗ ಭೂಮಿಯ ಮೇಲೆ ಮರವಿಲ್ಲ, ಮೀನಿಲ್ಲ, ನೋಡಲು ಒಂದು ಕಣ್ಣೂ ಇಲ್ಲ. ನಾವು ಮೂರನೇ ಮಹಡಿಗೆ ಲಿಫ್ಟ್ ಬರುವುದು ಎರಡು ನಿಮಿಷ ತಡವಾದರೆ ಗೊಣಗುತ್ತೇವೆ.

ಮಕ್ಕಳಿಗೆ ಭೂಕಂಪದ ಪಾಠ ಮಾಡುವಾಗ ಮೊದಲು ಉಗುರು ನೋಡಿಕೊಳ್ಳಿ ಎನ್ನುತ್ತೇನೆ. ನಾವು ನಿಂತಿರುವ ನೆಲ ಒಂದು ದೊಡ್ಡ ಫಲಕ. ಹೆಚ್ಚುಕಡಿಮೆ ಉಗುರು ಬೆಳೆಯುವ ವೇಗದಲ್ಲಿ ಅದು ಉತ್ತರಕ್ಕೆ ಸರಿಯುತ್ತಿದೆ, ಆ ತಳ್ಳಾಟಕ್ಕೇ ಹಿಮಾಲಯ ಎದ್ದು ನಿಂತಿದೆ. ಎಂಟನೇ ಕ್ಲಾಸಿನ ಒಬ್ಬಳು ಎದ್ದು, "ಮಿಸ್, ನಾನು ಉಗುರು ಕಚ್ತೀನಿ, ನನ್ನ ಫಲಕ ನಿಂತೋಗುತ್ತಾ?" ಎಂದು ಕೇಳಿದಳು. ಇಂಥ ಪ್ರಶ್ನೆಗೆ ನಾನು ಬೈಯುವುದಿಲ್ಲ. ಒರಳಲ್ಲಿ ಅಗ್ನಿಪರ್ವತ ಕಂಡವಳಿಗೆ ಬೈಯುವ ಹಕ್ಕಿಲ್ಲ.

ಆಮೇಲೆ ಅಂಗಡಿಯ ಷಟರಿನ ಕಥೆ ಹೇಳುತ್ತೇನೆ. ತುಕ್ಕು ಹಿಡಿದ ಷಟರನ್ನು ಎಳೆಯುತ್ತೀರಿ, ಬರುವುದಿಲ್ಲ. ಇನ್ನೂ ಎಳೆಯುತ್ತೀರಿ, ಬರುವುದಿಲ್ಲ. ನಿಮ್ಮ ಬಲವೆಲ್ಲ ಅದರಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಒಂದು ಗಳಿಗೆಯಲ್ಲಿ ಧಡ್ ಎಂದು ಬಿಡುತ್ತದೆ, ಇಡೀ ಬೀದಿ ತಿರುಗಿ ನೋಡುತ್ತದೆ. ಫಲಕಗಳ ಅಂಚೂ ಹಾಗೆಯೇ ಸಿಕ್ಕಿಕೊಂಡಿರುತ್ತದೆ. ನೂರಾರು ವರ್ಷ ಸೇರಿಸಿಟ್ಟ ಸೆಳೆತ ಕೆಲವು ಕ್ಷಣದಲ್ಲಿ ಬಿಟ್ಟುಕೊಂಡರೆ ಅದೇ ಭೂಕಂಪ. ನಮ್ಮ ಬೆಂಗಳೂರು ಅಂಚಿನಿಂದ ದೂರ, ಹಳೇ ಗಟ್ಟಿ ಬಂಡೆಯ ಮೇಲೆ ಕೂತಿದೆ. ಆದರೂ ಪೂರ್ತಿ ನಿಶ್ಚಿಂತೆ ಎಂದು ಯಾರೂ ಹೇಳಲಾರರು. ಗಟ್ಟಿ ನೆಲ ಎನ್ನುವುದು ನಾವು ಸಮಾಧಾನಕ್ಕೆ ಇಟ್ಟುಕೊಂಡ ಮಾತು.

ಇರಲಿ, ಅವ್ವನ ಕಡೆಗೆ ಬರುತ್ತೇನೆ. ಅವಳಿಗೆ ಒಂದು ನಿಯಮವಿತ್ತು. ಯಾವ ಕಲ್ಲಿಗೂ ನೇರವಾಗಿ ಉಳಿ ಇಡುತ್ತಿರಲಿಲ್ಲ. ಮೊದಲು ಒಂದು ಕಡೆ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುವುದು, ಇನ್ನೊಂದು ಕಡೆ ಎಡಗೈ ಅಂಗೈ ಊರುವುದು. ಏಟು ಆಚೆ ಅಂಗೈಗೆ ಚುರುಕಾಗಿ ಬಂದರೆ ಕಲ್ಲು ಒಂದೇ ಮೈ. ಮಂಕಾಗಿ ಬಂದರೆ, ಅಥವಾ ಬಾರದೇ ಹೋದರೆ, ನಡುವೆ ಕಣ್ಣಿಗೆ ಕಾಣದ ಬಿರುಕಿದೆ. ಅಂಥ ಕಲ್ಲನ್ನು ಅವಳು ಮುಟ್ಟುತ್ತಿರಲಿಲ್ಲ. ಮನೆಯವರು ಎಷ್ಟು ಹೇಳಿದರೂ ಚೀಲ ಎತ್ತಿಕೊಂಡು ಹೊರಡುತ್ತಿದ್ದಳು. ನನ್ನ ಕೈಯನ್ನೂ ಕಲ್ಲಿಗೆ ಹಚ್ಚಿ, ತಟ್ಟಿ, "ಬಂತಾ?" ಎಂದು ಕೇಳುತ್ತಿದ್ದಳು. ಬಂತು ಎಂದರೆ ಮುಂದಿನ ಜಾಗ. ಅದು ನಮ್ಮಿಬ್ಬರ ಆಟವಾಗಿತ್ತು.

ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಆದರೆ ಓದುವಾಗ ಸಂಕೋಚವಿತ್ತು, ಅದೂ ಬೇರೆ ಕಡೆ. ಕಾಲೇಜಿನ ಅರ್ಜಿಯಲ್ಲಿ ತಾಯಿಯ ಕೆಲಸ ಎಂಬ ಜಾಗದಲ್ಲಿ ಗೃಹಿಣಿ ಎಂದು ಬರೆದಿದ್ದೆ. ಕೊನೆಯ ವರ್ಷ ಒಂದು ಮಧ್ಯಾಹ್ನ ಮೂವರು ಗೆಳತಿಯರ ಜೊತೆ ಜಯನಗರದ ಆ ಬೀದಿಯಲ್ಲಿ ಬರುತ್ತಿದ್ದೆ. ಶಾರದಮ್ಮನವರ ಮನೆಯವರು ಒರಳನ್ನು ಮುಂದಿನ ಅಂಗಳಕ್ಕೆ ತಂದಿಟ್ಟಿದ್ದರು. ಅವ್ವ ಅದರ ಮುಂದೆ ಕೂತು ಕೆಲಸ ಮಾಡುತ್ತಿದ್ದಳು. ಕಾಂಪೌಂಡು ಮೊಳಕಾಲುದ್ದ. ಸೆರಗು ತಲೆಗೆ ಸುತ್ತಿತ್ತು, ಮುಖವೆಲ್ಲ ಕಲ್ಲಿನ ಪುಡಿ. ಅವಳು ತಗ್ಗಿಸಿದ ತಲೆ ಎತ್ತಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ, ನಡಿಗೆಯನ್ನೂ ನಿಲ್ಲಿಸಲಿಲ್ಲ. ಅವ್ವ ನನ್ನನ್ನು ನೋಡಿಲ್ಲ, ಸದ್ಯ, ಅಂದುಕೊಂಡೆ.

ಅದಾಗಿ ಒಂದು ತಿಂಗಳಿಗೆ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಎದುರಿಗೆ ಕೂತಿದ್ದರು. ಕನ್ನಡ ಶಾಲೆಯಿಂದ ಬಂದವಳು ನಾನು. ಇಂಗ್ಲಿಷಿನಲ್ಲಿ ಉರುಹೊಡೆದದ್ದೆಲ್ಲ ಬಾಗಿಲಲ್ಲೇ ಉದುರಿಹೋಯಿತು. ಇದರಲ್ಲಿ ಫೇಲಾದರೆ ಇನ್ನೊಂದು ವರ್ಷ ಓದಿಸುವ ಶಕ್ತಿ ನಮ್ಮ ಮನೆಗಿರಲಿಲ್ಲ. ಪಕ್ಕದ ಮನೆಯವರು ನನಗಾಗಿ ಗಾರ್ಮೆಂಟ್ಸ್‌ನಲ್ಲಿ ಮಾತಾಡಿಟ್ಟಿದ್ದರು. ನಾನು ಒಂದು ಇಂಗ್ಲಿಷ್ ವಾಕ್ಯವನ್ನೂ ಮುಗಿಸದ್ದನ್ನು ನೋಡಿ ಪರೀಕ್ಷಕರು ಕನ್ನಡಕ್ಕೆ ತಿರುಗಿದರು.

"ಭೂಮಿ ಒಳಗೆ ದ್ರವದ ಪದರ ಇದೆ ಅಂತ ಬರೆದಿದ್ದೀಯಲ್ಲಮ್ಮ. ಯಾರು ಹೋಗಿ ನೋಡಿ ಬಂದ್ರು?"

"ಯಾರೂ ಹೋಗಿಲ್ಲ ಸಾರ್. ತಟ್ಟಿ ನೋಡಿದ್ರು."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ನಾನು ನಿಲ್ಲಲಿಲ್ಲ. ಭೂಕಂಪ ಎಂದರೆ ಭೂಮಿಗೆ ಬಿದ್ದ ಒಂದು ಸುತ್ತಿಗೆ ಏಟು ಎಂದೆ. ಜಗತ್ತಿನ ಊರೂರಿನಲ್ಲಿ ಇಟ್ಟಿರುವ ಯಂತ್ರಗಳು ಆಚೆ ಕಡೆ ಊರಿದ ಅಂಗೈಗಳು. ಏಟಿನಿಂದ ಎರಡು ಬಗೆಯ ಅಲೆ ಹೊರಡುತ್ತದೆ. ತಳ್ಳುತ್ತಾ ಹೋಗುವುದು ಗಟ್ಟಿಯಲ್ಲೂ ಹೋಗುತ್ತದೆ, ನೀರಿನಂಥದ್ದರಲ್ಲೂ ಹೋಗುತ್ತದೆ. ಅಡ್ಡಡ್ಡ ಅಲುಗುತ್ತಾ ಹೋಗುವುದು ಗಟ್ಟಿಯಲ್ಲಿ ಮಾತ್ರ. ಭೂಮಿಯ ಆಚೆ ಮಗ್ಗುಲಿನ ಅಂಗೈಗಳಿಗೆ ಆ ಎರಡನೆಯದು ಬರಲೇ ಇಲ್ಲ. ಅಂದರೆ ನಡುವೆ ಬೇರೆ ಏನೋ ಇದೆ. ಹಾಗಂತ ಒಳಗೆಲ್ಲ ಬರೀ ಬೆಂಕಿನೀರಲ್ಲ. ನಮ್ಮ ಕೆಳಗಿನ ದಪ್ಪ ಪದರ ಗಟ್ಟಿಯೇ, ಬಹಳ ನಿಧಾನ ಹರಿಯುವ ಗಟ್ಟಿ. ಅಲ್ಲಲ್ಲಿ ಸ್ವಲ್ಪ ಕರಗಿದ್ದು ಮೇಲೆದ್ದು ಅಗ್ನಿಪರ್ವತವಾಗುತ್ತದೆ. ಪೂರ್ತಿ ದ್ರವ ಇರುವುದು ಅದಕ್ಕೂ ಕೆಳಗೆ, ಕರಗಿದ ಕಬ್ಬಿಣ. ಇಷ್ಟನ್ನೂ ಮನುಷ್ಯ ಮೇಲೆ ಕೂತು, ಕೈ ಇಟ್ಟು, ಕೇಳಿಸಿಕೊಂಡು ತಿಳಿದುಕೊಂಡ. ಹೇಳುತ್ತಾ ಹೇಳುತ್ತಾ ನನಗೇ ಅದು ಅರ್ಥವಾಯಿತು. ಮೂರು ವರ್ಷ ಓದಿದ್ದು ಆ ಕುರ್ಚಿಯಲ್ಲಿ ಮೊದಲ ಸಲ ನನಗೆ ತಲುಪಿತು.

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಇದನ್ನ ಎಲ್ಲಿ ಓದಿದೆ?"

ಹೇಳಬಹುದಿತ್ತು. ಬಾಯಿಗೆ ಬಂದಿತ್ತು. ನಾನು ಹೇಳಿದ್ದು, "ಲೈಬ್ರರೀಲಿ ಒಂದು ಪುಸ್ತಕ ಸಾರ್. ಹೆಸರು ಮರೆತುಹೋಗಿದೆ."

ಒಳ್ಳೆ ಪುಸ್ತಕ ಇರಬೇಕು, ಸಿಕ್ಕರೆ ನನಗೂ ಒಂದು ಕಾರ್ಡ್ ಬರೆದು ತಿಳಿಸು ಎಂದರು. ನಾನು ಪಾಸಾದೆ. ಕಾರ್ಡ್ ಬರೆಯಲಿಲ್ಲ. ಪದವಿಯ ಪತ್ರವನ್ನು ಅವ್ವನ ಕೈಗೆ ಕೊಟ್ಟಾಗ ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಾ ನಿನ್ನ ಪುಸ್ತಕದ ಪುಣ್ಯ ಅಂದಳು. ಆಗಲೂ ಸುಮ್ಮನಿದ್ದೆ. ಗ್ರೈಂಡರ್ ಬಂತು, ಅವ್ವನ ಕೂಗು ನಿಂತಿತು, ನನಗೆ ಕೆಲಸ ಸಿಕ್ಕಿತು, ಉತ್ತರಹಳ್ಳಿಯಲ್ಲಿ ಫ್ಲಾಟ್ ಆಯಿತು. ಮಾತು ಮಾತ್ರ ಇದ್ದಲ್ಲೇ ಇತ್ತು. ಷಟರಿನ ಕಥೆ ಹೇಳುವಾಗಲೆಲ್ಲ ನನಗೆ ನೆನಪಾಗುತ್ತಿದ್ದದ್ದು ಇದೇ.

ಭಾನುವಾರ ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆ. ಎಲ್ಲಿಗೆ ಎಂದು ಕೇಳಿದಳು. ಒಂದು ಕಲ್ಲು ನೋಡೋಕೆ ಅಂದೆ. ಕಲ್ಲು ನೋಡೋಕೆ ಯಾರಾದ್ರೂ ಆಟೋ ಮಾಡ್ಕೊಂಡು ಹೋಗ್ತಾರಾ ಎಂದು ಅವಳು ಡ್ರೈವರನ್ನೇ ವಿಚಾರಿಸಿದಳು. ಆತ ಕನ್ನಡಿಯಲ್ಲಿ ನನ್ನನ್ನು ನೋಡಿ, "ವಾಪಸ್ ತರೋದಾದ್ರೆ ಮೊದ್ಲೇ ಹೇಳಿ ಮೇಡಂ, ಕಲ್ಲು ಹಿಂದಿನ ಸೀಟಲ್ಲಿ ಕೂತ್ರೆ ಮುಂದಿನ ಚಕ್ರದ ಜೊತೆ ನಾನೂ ಮೇಲೆ ಎದ್ದೋಗ್ತೀನಿ" ಎಂದ.

ಹೊಂಗೆಮರದ ಹತ್ತಿರ ಇಳಿದೆವು. ಅವ್ವ ದೂರದಿಂದಲೇ ಗುರುತು ಹಿಡಿದಳು. ಹತ್ತಿರ ಹೋಗಿ, ಮಂಡಿಗೆ ಕೈ ಊರಿ, ಕಷ್ಟಪಟ್ಟು ಕೂತಳು. ಮೀನಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು. ನಾನೂ ಎದುರಿಗೆ ಚಪ್ಪಡಿಯ ಮೇಲೆ ಕೂತೆ. ಹೋಗಿಬರುವವರು ನೋಡುತ್ತಿದ್ದರು. ಈ ಸಲ ನಾನು ನಡೆದು ಹೋಗಲಿಲ್ಲ.

ಎಲ್ಲಾ ಹೇಳಿದೆ. ಪರೀಕ್ಷಕರು, ತಟ್ಟಿ ನೋಡುವುದು, ಇಲ್ಲದ ಪುಸ್ತಕ. ಅವ್ವ ಮೀನಿನ ಗೆರೆಯ ಮೇಲೆ ಬೆರಳಾಡಿಸುತ್ತಾ ಕೇಳಿಸಿಕೊಂಡಳು. ನನ್ನನ್ನ ಪಾಸು ಮಾಡಿಸಿದ್ದು ನೀನು ಕಣವ್ವ, ಪುಸ್ತಕ ಅಲ್ಲ ಎಂದೆ. ಆಮೇಲೆ ಆ ಮಧ್ಯಾಹ್ನದ ವಿಷಯ ತೆಗೆದೆ. ನಿನ್ನ ನೋಡಿದ್ದೆ, ನೋಡಿಯೂ ಹೋದೆ, ಅಂದೆ.

ಅವ್ವನ ಬೆರಳು ಮೀನಿನ ಬಾಲ ದಾಟಿ, ಪಕ್ಕದಲ್ಲಿ ಚೆಕ್ಕೆ ಹಾರಿದ್ದ ಗುಳಿಯೊಳಗೆ ಕೂತಿತು. ಹೆಬ್ಬೆರಳು ಅಲ್ಲಿ ಸರಿಯಾಗಿ ಹಿಡಿಯಿತು.

"ಇದು ಅವತ್ತೇ ಹೋಗಿದ್ದು. ನಿನ್ನ ದನಿ ಕೇಳ್ತು. ಉಳಿ ಜಾರ್ತು."

ನಾನು ಬಗ್ಗಿ ಆ ಗುಳಿಯನ್ನು ನೋಡಿದೆ.

"ಒಳಗಿಂದ ಅಮ್ಮಾರು ಬಂದು, ಅದು ನಿನ್ನ ಮಗಳಲ್ವೇನೇ ಅಂದ್ರು. ಅಲ್ಲ ಅಂದೆ. ನೀನು ಆ ಹುಡುಗೀರ ಜೊತೆ ನಗ್ತಾ ಹೋಗ್ತಿದ್ದೆ, ಯಾಕೆ ಕೆಡಿಸ್ಲಿ ಅಂತ." ಅವಳು ಗುಳಿಯಿಂದ ಬೆರಳು ತೆಗೆಯಲಿಲ್ಲ. "ಕಲ್ಲು ಕೆಡಿಸಿದ್ದಕ್ಕೆ ಮಾತ್ರ ಬಹಳ ದಿನ ಬೇಜಾರಿತ್ತು ಮಂಜೀ. ಒಳ್ಳೆ ಕಲ್ಲು."

ಮುನ್ನೂರು ಕೋಟಿ ವರ್ಷದ ಕಲ್ಲು. ಭೂಮಿಯ ಎಷ್ಟು ನಡುಕವನ್ನು ಅದು ತನ್ನ ಮೈಯಲ್ಲಿ ಇಟ್ಟುಕೊಂಡಿದೆಯೋ ನಾನು ಲೆಕ್ಕ ಹೇಳಲಾರೆ. ನಾನು ಮಾಡಿದ ಒಂದು ನಡುಕವೂ ಅದರಲ್ಲಿತ್ತು. ಹಾರೆ ತಗುಲಿದ್ದು ಎಂದು ಓದಿಕೊಂಡಿದ್ದೆ. ಭೂವಿಜ್ಞಾನದ ಪದವೀಧರೆ.

ಅವ್ವ ನೆಲದಿಂದ ಒಂದು ಜಲ್ಲಿಕಲ್ಲು ಆರಿಸಿಕೊಂಡಳು. ನನ್ನ ಕೈ ಹಿಡಿದು ಒರಳಿನ ಆಚೆ ಮಗ್ಗುಲಿಗೆ ಹಚ್ಚಿದಳು. ತಟ್ಟಿದಳು. ಅಷ್ಟರಲ್ಲಿ ಪಕ್ಕದಲ್ಲೇ ಬಸ್ಸು ಹೋಯಿತು, ನೆಲವೆಲ್ಲ ಗುಡುಗಿತು.

"ಬಂತಾ?"

"ತಾಳವ್ವ, ಬಸ್ಸು ಹೋಗಲಿ."

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಇಬ್ಬರೂ ಕಾದೆವು. ಎದುರು ಆಟೋದವನು ಎಂಜಿನ್ ಆರಿಸಿದ. ಕಲ್ಲು ಬೆಳಗಿನ ಬಿಸಿಲಿಗೆ ಸ್ವಲ್ಪ ಬೆಚ್ಚಗಿತ್ತು. ಅವ್ವ ಮತ್ತೆ ತಟ್ಟಿದಳು.

ಬಂತು.